ಏಳನೆಯ ಸಾಲು

ಈ ಬರಹದಲ್ಲಿ ಯಾರ ಹೆಸರೂ ಬರುವುದಿಲ್ಲ. ಹೆಸರು ಹಾಕಿ ಒಮ್ಮೆ, ಹೆಸರು ಬಿಟ್ಟು ಒಮ್ಮೆ ಪೆಟ್ಟು ತಿಂದವಳು ನಾನು. ಮೂರನೆಯ ಸಲಕ್ಕೆ ಧೈರ್ಯವಿಲ್ಲ.

ಸಾರ್ವಜನಿಕ ಸಂಪರ್ಕ ಓದುವ ಹುಡುಗ ಹುಡುಗಿಯರಿಗೆ ಪತ್ರಿಕಾ ಪ್ರಕಟಣೆ ಬರೆಯುವುದನ್ನು ಹೇಳಿಕೊಡುವುದು ನನ್ನ ಕೆಲಸ. ನನ್ನ ಮೇಲೆ ಅವರಿಗಿರುವ ದೂರು ಒಂದೇ: ಮೇಡಂ ಹಾಳೆ ಹರಿಯುತ್ತಾರೆ. ದೂರು ಸುಳ್ಳಲ್ಲ. ಬರೆದು ತಂದದ್ದನ್ನು ಓದುವ ಮೊದಲೇ ನಾನು ಹಾಳೆಯ ಕೆಳಗಿನ ನಾಲ್ಕು ಬೆರಳಗಲವನ್ನು ಮಡಚಿ, ಉಗುರಿನಿಂದ ಗೀರಿ, ಹರಿದು, ಉಳಿದದ್ದನ್ನು ವಾಪಸು ಕೊಡುತ್ತೇನೆ. "ಈಗ ಓದು" ಎನ್ನುತ್ತೇನೆ. ಉಳಿದ ತುಂಡಿನಲ್ಲಿ ಏನು, ಯಾವತ್ತು, ಎಲ್ಲಿ, ಯಾರಿಗೆ ಎಂಬುದೆಲ್ಲ ಇದ್ದರೆ ಬಚಾವು. ಇಲ್ಲದಿದ್ದರೆ ಮತ್ತೆ ಬರೆಯಬೇಕು. ಲ್ಯಾಪ್‌ಟಾಪಿನಲ್ಲಿ ತೋರಿಸಲು ಬರುವವರಿಗೂ ಪ್ರಿಂಟ್ ತೆಗೆಸಿಕೊಂಡು ಬಾ ಎನ್ನುತ್ತೇನೆ, ಹರಿಯುವುದಕ್ಕೆ. ಈ ಚಟ ನನಗೆ ಅಂಟಿದ್ದು ದಾವಣಗೆರೆಯಲ್ಲಿ, ನನಗೆ ಪಾಠ ಹೇಳಿದ ಮೇಷ್ಟ್ರಿಂದ.

ಅದು ತೊಂಬತ್ತರ ದಶಕದ ಕೊನೆ. ದಾವಣಗೆರೆ ಜಿಲ್ಲೆಯಾದ ಹೊಸತು. ಜಿಲ್ಲೆಯಾದದ್ದೇ ತಡ, ಊರಿನ ಪ್ರತಿ ಸಂಘಕ್ಕೂ ಒಬ್ಬ ಜಿಲ್ಲಾಧ್ಯಕ್ಷರು, ಇಬ್ಬರು ಉಪಾಧ್ಯಕ್ಷರು, ಒಬ್ಬ ಸಂಚಾಲಕರು ಹುಟ್ಟಿಕೊಂಡಿದ್ದರು. ಅವರೆಲ್ಲರ ಹೆಸರೂ ಪೇಪರಿನಲ್ಲಿ ಬರಬೇಕಿತ್ತು. ನಾನು ವಿದ್ಯಾನಗರದ ಒಂದು ಹಾಸ್ಟೆಲಿನಲ್ಲಿ ಇದ್ದುಕೊಂಡು ಸಾರ್ವಜನಿಕ ಸಂಪರ್ಕದ ಡಿಪ್ಲೊಮಾ ಓದುತ್ತಿದ್ದೆ. ಬಿ.ಎ. ಮುಗಿದಿತ್ತು, ಮನೆಯಲ್ಲಿ ಗಂಡು ನೋಡುವ ಮಾತು ಶುರುವಾಗಿತ್ತು, ಅದನ್ನು ಒಂದು ವರ್ಷ ಮುಂದೂಡಲು ಏನಾದರೂ ಬೇಕಿತ್ತು.

ಮೇಷ್ಟ್ರು ನಿಜಕ್ಕೂ ಮೇಷ್ಟ್ರಲ್ಲ. ಊರಿನ ಒಂದು ದಿನಪತ್ರಿಕೆಯಲ್ಲಿ ಉಪಸಂಪಾದಕರು. ಶನಿವಾರ ಬೆಳಿಗ್ಗೆ ನಮಗೆ ಎರಡು ಗಂಟೆ ಪಾಠ ಹೇಳಿ, ಮಧ್ಯಾಹ್ನದ ಮೇಲೆ ಕಚೇರಿಗೆ ಹೋಗುತ್ತಿದ್ದರು. ಪಠ್ಯಪುಸ್ತಕ ಮುಟ್ಟುತ್ತಿರಲಿಲ್ಲ. ಆ ವಾರ ಪತ್ರಿಕೆಗೆ ಬಂದು ಅಚ್ಚಾಗದೆ ಉಳಿದ ಪ್ರಕಟಣೆಗಳನ್ನು ಬಟ್ಟೆ ಚೀಲದಲ್ಲಿ ತುಂಬಿಕೊಂಡು ಬಂದು ಮೇಜಿನ ಮೇಲೆ ಸುರಿಯುತ್ತಿದ್ದರು.

"ಇದರಾಗೆ ಸುದ್ದಿ ಎಲ್ಲೈತೆ ಹುಡುಕ್ರಿ ನೋಡೋಣ" ಎನ್ನುತ್ತಿದ್ದರು.

ನಾವು ಹುಡುಕುತ್ತಿದ್ದೆವು. ಎರಡೆರಡು ಪುಟ ಯಾರು ಜ್ಯೋತಿ ಬೆಳಗಿಸಿದರು, ಯಾರು ಪ್ರಾರ್ಥಿಸಿದರು, ಯಾರು ಸ್ವಾಗತಿಸಿದರು, ಯಾರು ನಿರೂಪಿಸಿದರು, ಯಾರು ವಂದಿಸಿದರು ಎಂಬುದೇ ತುಂಬಿರುತ್ತಿತ್ತು. ಒಂದು ಪ್ರಕಟಣೆಯಲ್ಲಿ ಒಂದು ಹಳ್ಳಿಗೆ ಮೊಟ್ಟಮೊದಲು ಬಸ್ಸು ಬಂದ ಸಂಗತಿ ಕಟ್ಟಕಡೆಯ ಸಾಲಿನಲ್ಲಿತ್ತು, ಅದೂ ವಂದಿಸಿದವರು ಆ ಬಸ್ಸಿನಲ್ಲೇ ಬಂದಿಳಿದಿದ್ದರು ಎಂಬ ಕಾರಣಕ್ಕೆ. ನಾವು ಬಿದ್ದು ಬಿದ್ದು ನಕ್ಕೆವು. ಮೇಷ್ಟ್ರು ನಗಲಿಲ್ಲ. "ನಗಬ್ಯಾಡ್ರಿ. ನಾಳೆ ನೀವೂ ಹಿಂಗೇ ಬರೀತೀರಿ" ಎಂದರು. ನನಗೆ ಒಳಗೊಳಗೇ ಸಿಟ್ಟು ಬಂತು. ನಾನು ಹಾಗೆ ಬರೆಯುವವಳಲ್ಲ ಎಂದುಕೊಂಡೆ.

ಹಾಳೆ ಹರಿಯುವುದಕ್ಕೆ ಅವರು ಕೊಡುತ್ತಿದ್ದ ಕಾರಣ ಇಷ್ಟೇ. "ಪೇಪರ್‌ನಾಗೆ ಜಾಗ ಸಾಲ್ದೇ ಹೋದ್ರೆ ಕತ್ತರಿ ಕೆಳಗಿಂದ ಬರ್ತೈತೆ. ಪುಟ ಕಟ್ಟೋರು ಓದಂಗಿಲ್ಲ, ಅಳೀತಾರೆ. ಎರಡಿಂಚು ಜಾಸ್ತಿ ಅಂದ್ರೆ ಎರಡಿಂಚು ಹೋತು. ಅದಕ್ಕೇ ಅವರು ಕತ್ತರಿಸೋ ಮೊದ್ಲು ನಾನು ಕತ್ತರಿಸ್ತೀನಿ."

ಪಾಠ ಮುಗಿದ ಮೇಲೆ ಮಂಡಕ್ಕಿ ಮಿರ್ಚಿ. ಪಿ.ಜೆ. ಬಡಾವಣೆಯ ಒಂದು ಮೂಲೆಯಲ್ಲಿ ಬಾಂಡಲಿ ಇಟ್ಟುಕೊಂಡವರ ಹತ್ತಿರ ನಿಂತು ತಿನ್ನುತ್ತಿದ್ದೆವು. ಮಿರ್ಚಿ ಸುತ್ತಿಕೊಟ್ಟ ಹಳೆಯ ಪೇಪರನ್ನು ಬಿಸಾಡಲು ಮೇಷ್ಟ್ರು ಬಿಡುತ್ತಿರಲಿಲ್ಲ. ಎಣ್ಣೆ ಕುಡಿದು ಪಾರದರ್ಶಕವಾದ ಆ ತುಂಡನ್ನು ಬಿಡಿಸಿ, ಅದರಲ್ಲಿರುವ ಸುದ್ದಿಯನ್ನು ನಮ್ಮಿಂದ ಓದಿಸಿ, ಮೊದಲ ಸಾಲು ಸರಿಯಿದೆಯೇ ಎಂದು ಕೇಳುತ್ತಿದ್ದರು. ಖಾರಕ್ಕೆ ಮೂಗು ಸೋರುತ್ತಿದ್ದರೂ ಉತ್ತರ ಹೇಳಬೇಕಿತ್ತು. ಆ ಶನಿವಾರಗಳನ್ನು ನೆನೆದರೆ ನನಗೆ ಈಗಲೂ ಹಸಿವಾಗುತ್ತದೆ. ಆ ಹಸಿವು ಇನ್ನೆಲ್ಲಿಯ ಮಿರ್ಚಿಗೂ ಹೋಗಿಲ್ಲ.

ವರ್ಷದ ನಡುವೆ ಮೇಷ್ಟ್ರು ಒಂದು ಕೆಲಸ ಕೊಟ್ಟರು. ಪ್ರತಿಯೊಬ್ಬರೂ ಒಂದು ಸಂಸ್ಥೆಯನ್ನು ಹಿಡಿದು, ಅವರ ಕಾರ್ಯಕ್ರಮಕ್ಕೆ ಪ್ರಕಟಣೆ ಬರೆದು, ಪತ್ರಿಕೆಗೆ ಕೊಡಬೇಕು. ಅಚ್ಚಾದರೆ ಮಾರ್ಕು, ಇಲ್ಲದಿದ್ದರೆ ಸೊನ್ನೆ. ಉಳಿದವರು ಬ್ಯಾಂಕು, ಕಾಲೇಜು, ಬಟ್ಟೆ ಅಂಗಡಿ ಎಂದು ಅಲೆದಾಡುವಾಗ ನಾನು ನಿಶ್ಚಿಂತೆಯಿಂದ ಹರಿಹರದ ಬಸ್ಸು ಹತ್ತಿದೆ.

ಹರಿಹರದಲ್ಲಿ ನನ್ನ ಸೋದರತ್ತೆ ಇದ್ದಳು, ಅಪ್ಪನ ಅಕ್ಕ. ಹಾಸ್ಟೆಲಿನ ಸಾರು ಸಾಕಾದಾಗಲೆಲ್ಲ ನಾನು ಓಡುತ್ತಿದ್ದದ್ದು ಅಲ್ಲಿಗೇ. ಅರ್ಧ ಗಂಟೆಯ ದಾರಿ. ಹೊಳೆಯ ಕಡೆಗೆ ಇಳಿಯುವ ಓಣಿಯಲ್ಲಿ ಅವಳ ಪುಟ್ಟ ಮನೆ. ಮಾವ ತೀರಿಕೊಂಡು ಆರೇಳು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಆದರೆ ಅವಳನ್ನು ಪಾಪ ಎನ್ನುವ ಧೈರ್ಯ ಯಾರಿಗೂ ಇರಲಿಲ್ಲ. ದೊಡ್ಡ ಗಂಟಲು, ದೊಡ್ಡ ನಗು. ನಾಲ್ಕನೆಯ ಇಯತ್ತೆಯವರೆಗೆ ಓದಿದ್ದಳು, ಪೇಪರನ್ನು ಬೆರಳಿಟ್ಟು, ಬಾಯಿಬಿಟ್ಟು ಓದುತ್ತಿದ್ದಳು. ಓಣಿಯ ಮಹಿಳಾ ಮಂಡಳಿ ಏನೇ ಮಾಡಲಿ, ನೂರು ಜನವಿರಲಿ, ಇನ್ನೂರು ಜನವಿರಲಿ, ಅಡುಗೆ ಅವಳದೇ. ಮಂಡಳಿಯ ಫೋಟೋಗಳು ಅಧ್ಯಕ್ಷಿಣಿಯ ಮನೆಯ ಗೋಡೆಯ ತುಂಬ ಇದ್ದವು. ಒಂದರಲ್ಲಿಯೂ ಅತ್ತೆ ಇರಲಿಲ್ಲ. ಫೋಟೋ ತೆಗೆಯುವ ಹೊತ್ತಿಗೆ ಅವಳು ಒಲೆಯ ಮುಂದಿರುತ್ತಿದ್ದಳು.

ನಾನು ಹೋದ ದಿನ ಮಂಡಳಿಯವರು ಕಣ್ಣಿನ ತಪಾಸಣೆಯ ಶಿಬಿರ ಮಾಡುವ ಮಾತಿನಲ್ಲಿದ್ದರು. ದಾವಣಗೆರೆಯ ಡಾಕ್ಟರರೊಬ್ಬರು ಬರಲು ಒಪ್ಪಿದ್ದರು. ಸುತ್ತಲಿನ ಹಳ್ಳಿಗಳ ವಯಸ್ಸಾದವರಿಗೆ ಕಣ್ಣಿನ ಪೊರೆ ಇದೆಯೇ ನೋಡುವುದು, ಇದ್ದವರಿಗೆ ದಾವಣಗೆರೆಯಲ್ಲಿ ಉಚಿತವಾಗಿ ಆಪರೇಷನ್. ಪ್ರಕಟಣೆ ನಾನು ಬರೆಯುತ್ತೇನೆ ಎಂದೆ. ಅವತ್ತು ರೊಟ್ಟಿ ಬಡಿಯುತ್ತಾ ಅತ್ತೆ, ನನ್ನ ಕಡೆ ನೋಡದೆ, ಕೇಳಿದಳು.

"ಅಡಿಗಿ ಮಾಡೋರ ಹೆಸ್ರೂ ಹಾಕ್ತಾರೇನು?"

"ಹಾಕಿದ್ರೆ ಹಾಕ್ತಾರೆ. ಯಾಕ ಅತ್ತೆ?"

"ನಮ್ಮ ಮನ್ಯಾಗೆ ಪೇಪರ್‌ನಾಗೆ ಬಂದೋರು ನಿಮ್ಮ ಮಾವ ಒಬ್ರೇ. ಅದೂ ಹೋದ ಮ್ಯಾಲೆ, ಫೋಟೋ ಹಾಕಿಸಿದ್ರಲ್ಲ, ಅವಾಗ. ನಂದು ನಾನಿರೋವಾಗ್ಲೇ ಒಂದ್ಸಲ ಬರ್ಲಿ. ನಾನೇ ನೋಡಂಗಾಗ್ಬೇಕು." ಹೇಳಿದವಳೇ ಜೋರಾಗಿ ನಕ್ಕು, ರೊಟ್ಟಿಯನ್ನು ಹಂಚಿಗೆ ಹಾಕಿದಳು. ಆದರೆ ಅವಳು ನಕ್ಕದ್ದು ನಾಚಿಕೆಯಿಂದ ಎಂದು ನನಗೆ ಗೊತ್ತಾಯಿತು. ಹಾಕಿಸುತ್ತೇನೆ ಎಂದು ಮಾತು ಕೊಟ್ಟೆ.

ಮಾರನೆಯ ದಿನ ಅಧ್ಯಕ್ಷಿಣಿಯ ಮನೆಗೆ ಹೋದೆ. ಅಕ್ಕಿ ಗಿರಣಿಯ ಸಾಹುಕಾರರ ಮನೆಯವರು. ಕಾಫಿ ಕೊಟ್ಟು, ಹೆಸರುಗಳ ಪಟ್ಟಿ ಕೊಟ್ಟರು. ಅಧ್ಯಕ್ಷತೆ, ಉದ್ಘಾಟನೆ, ಜ್ಯೋತಿ ಬೆಳಗುವವರು, ಮುಖ್ಯ ಅತಿಥಿಗಳು, ವಿಶೇಷ ಆಹ್ವಾನಿತರು. "ನೋಡಮ್ಮ, ಒಂದು ಹೆಸ್ರೂ ಬಿಡಬ್ಯಾಡ. ಒಬ್ರನ್ನ ಬಿಟ್ರೂ ನಾಳೆ ನನ್ನ ಬಾಗ್ಲಿಗೆ ಬರ್ತಾರೆ. ಹಿಂದು ಮುಂದೂ ಮಾಡಬ್ಯಾಡ" ಎಂದರು. ನಾನು ಹಿಂದು ಮುಂದು ಮಾಡಲಿಲ್ಲ. ಹಾಸ್ಟೆಲಿಗೆ ಬಂದು, "ದಾನ ಧರ್ಮಗಳಿಗೆ ಹೆಸರಾದ ಹರಿಹರದಲ್ಲಿ" ಎಂದು ಶುರು ಮಾಡಿ, ಹದಿನೇಳು ಹೆಸರುಗಳನ್ನು ಪಟ್ಟಿಯಲ್ಲಿದ್ದ ಕ್ರಮದಲ್ಲೇ ಜೋಡಿಸಿದೆ. ಆಮೇಲೆ, ಹೆಸರಿನವರಿಗೆಲ್ಲ ಮರ್ಯಾದೆ ಸಂದ ಮೇಲೆ, ದಿನ, ಹೊತ್ತು, ಜಾಗ. ಕಟ್ಟಕಡೆಗೆ ಊಟದ ವ್ಯವಸ್ಥೆ ಯಾರದು ಎಂದು ಅತ್ತೆಯ ಹೆಸರು. ಬರೆದದ್ದನ್ನು ಓದಿಕೊಂಡು ನನಗೇ ಖುಷಿಯಾಯಿತು. ಮದುವೆಯ ಕರೆಯೋಲೆಯಷ್ಟು ಚೆಂದವಾಗಿತ್ತು. ಶನಿವಾರದವರೆಗೆ ಕಾಯದೆ, ಮೇಷ್ಟ್ರಿಗೆ ತೋರಿಸದೆ, ನಾನೇ ಪತ್ರಿಕೆಯ ಕಚೇರಿಗೆ ಹೋಗಿ ಡಬ್ಬಿಗೆ ಹಾಕಿ ಬಂದೆ.

ಅದು ಅಚ್ಚಾಯಿತು. ಹದಿನೇಳು ಹೆಸರುಗಳೂ ಅಚ್ಚಾದವು. ಆಮೇಲೆ ಒಂದು ಪೂರ್ಣವಿರಾಮ, ಅದರ ಕೆಳಗೆ ರಸಗೊಬ್ಬರದ ಜಾಹೀರಾತು. ದಿನ ಇಲ್ಲ, ಹೊತ್ತಿಲ್ಲ, ಜಾಗವಿಲ್ಲ. ಅತ್ತೆಯ ಹೆಸರೂ ಇಲ್ಲ.

ಶಿಬಿರದ ಭಾನುವಾರ ಓಣಿಯ ಹತ್ತಿರದ ಛತ್ರದಲ್ಲಿ ಡಾಕ್ಟರು ಬೆಳಿಗ್ಗೆಯಿಂದ ಕೂತಿದ್ದರು. ಹದಿನೇಳು ಗಣ್ಯರಲ್ಲಿ ಹದಿನಾರು ಜನ ಬಂದಿದ್ದರು. ಕಣ್ಣು ತೋರಿಸಲು ಬಂದವರು ಓಣಿಯ ಎಂಟು ಒಂಬತ್ತು ಜನ, ಅದೂ ಅತ್ತೆ ಮನೆಮನೆಗೆ ಹೋಗಿ ಎಬ್ಬಿಸಿಕೊಂಡು ಬಂದದ್ದಕ್ಕೆ. ನೂರೈವತ್ತು ಜನಕ್ಕೆ ಮಾಡಿದ ಅನ್ನ, ಹುಳಿ ಪಾತ್ರೆಯಲ್ಲೇ ಆರಿತು. ಅಧ್ಯಕ್ಷಿಣಿ ಮಾತ್ರ ಸಂತೋಷವಾಗಿದ್ದರು, ಹೆಸರುಗಳಲ್ಲಿ ಒಂದೂ ಹಿಂದು ಮುಂದಾಗಿರಲಿಲ್ಲವಲ್ಲ. ಅತ್ತೆ ನನ್ನನ್ನು ಏನೂ ಕೇಳಲಿಲ್ಲ. "ಹೋಗ್ಲಿ ಬಿಡು, ಜಾಗ ಇರಾಕಿಲ್ಲ" ಎಂದು ಅವಳೇ ಹೊಟ್ಟೆಗೆ ಹಾಕಿಕೊಂಡಳು.

ನನ್ನ ಕೆನ್ನೆಗೆ ಬಾರಿಸಿದ್ದು ಆಮೇಲಿನದು. ಮಂಗಳವಾರ ನಾನಿನ್ನೂ ಹರಿಹರದಲ್ಲೇ ಇದ್ದೆ. ಮಧ್ಯಾಹ್ನ ಒಬ್ಬ ಮುದುಕರು ಓಣಿಯಲ್ಲಿ ಗೋಡೆ ಸವರಿಕೊಂಡು ಬಂದರು. ಮಲೆಬೆನ್ನೂರಿನ ಆಚೆಯ ಹಳ್ಳಿಯವರು. ಯಾರೋ ಪೇಪರು ಓದಿ ಹೇಳಿದರಂತೆ, ಆ ತುಂಡನ್ನು ಹರಿಸಿಕೊಂಡು ಜೇಬಿನಲ್ಲಿಟ್ಟುಕೊಂಡಿದ್ದರು. ಯಾವ ದಿನವೆಂದು ಬರೆದಿಲ್ಲ, ಹರಿಹರ ಎಂದಷ್ಟೇ ಇದೆ, ಅದಕ್ಕೆ ಬಸ್ಸು ಹತ್ತಿ ಬಂದುಬಿಟ್ಟಿದ್ದರು. ಬಸ್ ನಿಲ್ದಾಣದಿಂದ ಕೇಳುತ್ತಾ ಕೇಳುತ್ತಾ ನಮ್ಮ ಓಣಿಗೆ ತಲುಪಿದ್ದರು.

"ಕಣ್ಣಿಂದು ಇಲ್ಲೇ ಏನ್ರವ್ವ?" ಎಂದು ಕೇಳಿದರು.

"ಅದು ಮೊನ್ನೇನೇ ಆತು ಯಜಮಾನ್ರೆ. ಒಳಗೆ ಬರ್ರಿ, ಕೂಡ್ರಿ, ಉಂಡು ಹೋಗ್ರಿ" ಎಂದಳು ಅತ್ತೆ.

ಅವರು ತಟ್ಟೆಯಲ್ಲಿ ಅನ್ನ ಎಲ್ಲಿದೆ, ಪಲ್ಯ ಎಲ್ಲಿದೆ ಎಂದು ಬೆರಳಿನಿಂದ ಮುಟ್ಟಿ ನೋಡಿಕೊಂಡು ಉಂಡರು. ಆ ಪೇಪರಿನ ತುಂಡು ಬರೆದವಳು ನಾನೇ ಎಂದು ಎದುರಿಗೆ ಕೂತಿದ್ದ ನಾನು ಹೇಳಲಿಲ್ಲ. ಅವರನ್ನು ಬಸ್ಸಿಗೆ ಹತ್ತಿಸಿ ಬಂದು, ಅತ್ತೆಯ ಹಿತ್ತಲಲ್ಲಿ ಕೂತು ಅತ್ತುಬಿಟ್ಟೆ.

ಶನಿವಾರ ಮೇಷ್ಟ್ರ ಮುಂದೆ ಪೇಪರು ಇಟ್ಟು ಎಲ್ಲವನ್ನೂ ಹೇಳಿದೆ. ಬಯ್ಯಲಿ ಎಂದೇ ಕಾಯುತ್ತಿದ್ದೆ. ಅವರು ಅಚ್ಚಾದದ್ದನ್ನು ಓದಿ, "ಅವತ್ತು ನಾನು ರಜಾ ಇದ್ದೆ" ಎಂದು ತಮ್ಮ ತಪ್ಪೆಂಬಂತೆ ಹೇಳಿದರು. ಆಮೇಲೆ, "ಮಾರ್ಕು ಐತೆ ನಿಂಗೆ. ಅಚ್ಚಾಗೈತಲ್ಲ" ಎಂದರು. ಅದಕ್ಕಿಂತ ದೊಡ್ಡ ಬೈಗುಳವನ್ನು ನಾನು ಈವರೆಗೆ ಕೇಳಿಲ್ಲ. ನನಗೆ ಮಾರ್ಕು ಬೇಡ ಎಂದೆ. ಡಾಕ್ಟರರು ಇನ್ನೊಂದು ಭಾನುವಾರ ಬರಲು ಒಪ್ಪಿದ್ದಾರೆ, ಮತ್ತೆ ಬರೆಯುತ್ತೇನೆ, ಊರು ಸೂರೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗಾದರೂ ಸರಿ ಎಂದೆ.

"ಯಾರಿಗೆ ಬರೀತಿ?"

"ಆ ಮುದುಕರಿಗೆ ಸರ್."

"ಅವರಿಗೆ ಕಣ್ಣು ಕಾಣಂಗಿಲ್ಲ. ಇನ್ನೊಬ್ರು ಓದಿ ಹೇಳ್ತಾರೆ. ಹಂಗಾದ್ರೆ ಕಿವಿಗೆ ಬರಿ. ಬಾಯಿಬಿಟ್ಟು ಓದು, ಎಲ್ಲಿ ಉಸಿರು ಸಾಲಂಗಿಲ್ಲೋ ಅಲ್ಲಿ ಮುರಿ. ಆರು ಸಾಲು. ಏಳಾದ್ರೆ ನನ್ನ ಹತ್ರ ತರಬ್ಯಾಡ."

ಎರಡು ವಾರ ಬರೆದೆ. ಹಾಸ್ಟೆಲಿನ ಟೆರೇಸಿನ ಮೇಲೆ, ಒಣಗಿಸಿದ ಬಟ್ಟೆಗಳ ನಡುವೆ ಓಡಾಡುತ್ತಾ ಗಟ್ಟಿಯಾಗಿ ಓದಿಕೊಳ್ಳುತ್ತಿದ್ದೆ. ಕೋಣೆಯ ಗೆಳತಿಯರನ್ನು ಕಣ್ಣು ಮುಚ್ಚಿ ಕೂರಿಸಿ ಓದಿ ಹೇಳುತ್ತಿದ್ದೆ, "ಈಗ ಹೇಳ್ರೇ, ಎಲ್ಲಿಗೆ ಹೋಗ್ಬೇಕು? ಯಾವತ್ತು?" ಎಂದು ಪರೀಕ್ಷೆ ಮಾಡುತ್ತಿದ್ದೆ. ಒಬ್ಬಳಿಗಂತೂ ಪೂರ್ತಿ ಬಾಯಿಪಾಠವಾಗಿ, ಸ್ನಾನದ ಮನೆಯಲ್ಲಿ ರಾಗ ಹಾಕಿ ಹೇಳುತ್ತಿದ್ದಳು. "ತಪಾಸಣಾ ಶಿಬಿರವನ್ನು ಹಮ್ಮಿಕೊಳ್ಳಲಾಗಿದೆ" ಎಂಬುದು "ಕಣ್ಣು ನೋಡುತ್ತಾರೆ" ಎಂದಾಯಿತು. "ಸದುಪಯೋಗ ಪಡೆದುಕೊಳ್ಳಬೇಕಾಗಿ ಕೋರಲಾಗಿದೆ" ಎಂಬುದು "ಬನ್ನಿ" ಎಂದಾಯಿತು. ಹದಿನೇಳು ಹೆಸರುಗಳನ್ನು ಹೊಡೆಯುವಾಗ, ಸುಳ್ಳು ಯಾಕೆ, ಸ್ವಲ್ಪ ಖುಷಿಯೇ ಆಯಿತು.

ಒಂದು ಭಾನುವಾರ ಅತ್ತೆಗೂ ಓದಿ ತೋರಿಸಿದೆ. ಅವಳು ಅವರೆಕಾಯಿ ಸುಲಿಯುತ್ತಾ ಕೇಳಿಸಿಕೊಂಡಳು.

"ಎಲ್ಲಾ ಸರಿ ಐತೆ. ಆದ್ರೆ ಮುದುಕ್ರು ಒಬ್ರೇ ಹೆಂಗೆ ಬರ್ತಾರೆ? ಅವತ್ತು ಆ ಯಜಮಾನ್ರು ಗ್ವಾಡಿ ಹಿಡ್ಕಂಡು ಬಂದ್ರಲ್ಲ. ಜೊತಿಗೆ ಒಬ್ರನ್ನ ಕರ್ಕಂಡು ಬರ್ರಿ, ಇಬ್ರಿಗೂ ಊಟ ಐತೆ ಅಂತ ಬರಿ. ಊಟ ಐತೆ ಅಂದ್ರೆ ಸೊಸೆದೀರು ಕರ್ಕಂಡು ಬರ್ತಾರೆ."

ಅಂದು ಸಂಜೆ ಬಸ್ಸಿನಲ್ಲಿ ಕೂತು ಅದನ್ನೂ ಸೇರಿಸಿದೆ. ಈಗ ಸಾಲುಗಳನ್ನು ಎಣಿಸಿದರೆ ಏಳು. ಒಂದು, ಯಾವ ಭಾನುವಾರ, ಎಷ್ಟು ಹೊತ್ತಿಗೆ, ಕಣ್ಣಿನ ಪೊರೆ ಇರುವವರ ಕಣ್ಣು ಹರಿಹರದಲ್ಲಿ ನೋಡುತ್ತಾರೆ. ಎರಡು, ಬಸ್ ನಿಲ್ದಾಣದಿಂದ ಛತ್ರಕ್ಕೆ ದಾರಿ. ಮೂರು, ಆಪರೇಷನ್ ಉಚಿತ. ನಾಲ್ಕು, ಸಕ್ಕರೆ ಕಾಯಿಲೆಗೆ, ಬಿ.ಪಿ.ಗೆ ಮಾತ್ರೆ ನುಂಗುವವರು ಡಾಕ್ಟರ ಚೀಟಿ ತನ್ನಿ. ಐದು, ವಯಸ್ಸಾದವರು ಒಬ್ಬರೇ ಬರಬೇಡಿ, ಜೊತೆಗೆ ಒಬ್ಬರನ್ನು ಕರೆತನ್ನಿ. ಆರು, ಇಬ್ಬರಿಗೂ ಮಧ್ಯಾಹ್ನ ಊಟ ಇದೆ. ಏಳು, ಊಟದ ವ್ಯವಸ್ಥೆಯನ್ನು ಶ್ರೀಮತಿ ಇಂಥವರು ವಹಿಸಿಕೊಂಡಿದ್ದಾರೆ. ಆ ಇಂಥವರ ಜಾಗದಲ್ಲಿ ನನ್ನ ಅತ್ತೆಯ ಹೆಸರು, ಮಾವನ ಮನೆತನದ ಹೆಸರಿನ ಸಮೇತ.

ಮೇಷ್ಟ್ರು ಹಾಳೆ ತೆಗೆದುಕೊಂಡು, ಹರಿಯದೆ, ಏಳನೆಯ ಸಾಲಿನ ಕೆಳಗೆ ಬೆರಳಿಟ್ಟರು.

"ಈ ಹೆಸ್ರು ಕೇಳಿ ಮಲೆಬೆನ್ನೂರ್ನಾಗೆ ಯಾರಾದ್ರೂ ಬಸ್ ಹತ್ತುತಾರೇನಮ್ಮ?"

"ಅವರು ನಮ್ಮತ್ತೆ ಸರ್. ಮಾತು ಕೊಟ್ಟೀನಿ."

"ಸಾಹುಕಾರರ ಮನೆಯವರ ಹೆಸ್ರು ತೆಗೆದಿ. ನಿಮ್ಮತ್ತೇದು ಇಟ್ಟಿ. ನಾಳೆ ಅವರು ಬಂದು ಕೇಳಿದ್ರೆ ಏನು ಹೇಳ್ತಿ?" ಅವರ ದನಿ ಮೆತ್ತಗಾಯಿತು. "ಹೆಸ್ರಿನೋರಿಗೆ ಸೋಮವಾರದ ಪೇಪರ್ ಐತಲ್ಲ. ಶಿಬಿರ ಆದ ಮೇಲೆ ವರದಿ ಬರಿ, ಎಲ್ಲಾರ ಹೆಸ್ರೂ ಹಾಕು, ನಿಮ್ಮತ್ತೇದು ಮೊದ್ಲು ಹಾಕು. ಅದನ್ನ ನಾನು ನೋಡ್ಕಂತೀನಿ. ಇದು ಬರೋರಿಗೆ. ಹೊಡಿ."

ಅವರ ಮೇಲೆ ಬಂದಷ್ಟು ಸಿಟ್ಟು ನನಗೆ ಯಾರ ಮೇಲೂ ಬಂದಿರಲಿಲ್ಲ. ಅವರು ಹೇಳಿದ್ದು ಸರಿಯಿತ್ತು, ಅದಕ್ಕೇ. ಅವರೇ ಹೊಡೆದಿದ್ದರೆ ಅತ್ತೆಗೆ ಅವರ ಹೆಸರು ಹೇಳಿ ಪಾರಾಗುತ್ತಿದ್ದೆ. ಆದರೆ ಪೆನ್ನು ನನ್ನ ಕೈಯಲ್ಲಿತ್ತು. ಏಳನೆಯ ಸಾಲನ್ನು ನಾನೇ ಹೊಡೆದೆ.

ಆರು ಸಾಲು ಒಂದಕ್ಷರವೂ ಆಚೀಚೆಯಾಗದೆ ಶುಕ್ರವಾರ ಅಚ್ಚಾಯಿತು. ಹಿಂದಿನ ದಿನವೇ ಅತ್ತೆಯ ಮನೆಗೆ ಹೋಗಿದ್ದೆ. ಬೆಳಿಗ್ಗೆ ಅವಳೇ ನಿಲ್ದಾಣದ ಹತ್ತಿರ ಹೋಗಿ ಪೇಪರು ಕೊಂಡು ತಂದಿದ್ದಳು. ಕಿಟಕಿಯ ಬೆಳಕಿಗೆ ಹಿಡಿದಳು, ದೂರ ಹಿಡಿದಳು, ಹತ್ತಿರ ತಂದಳು. "ಈಗಿನೋರು ಅಕ್ಷರ ಭಾಳ ಸಣ್ಣ ಮಾಡ್ಯಾರೆ. ನೀನೇ ಓದು" ಎಂದು ನನ್ನ ಕೈಗೆ ಕೊಟ್ಟು, ಸೆರಗಿನಿಂದ ಮುಖ ಒರೆಸಿಕೊಂಡು, ಗೋಡೆಗೆ ಒರಗಿ ಕೂತಳು. ಪೂಜೆಗೆ ಕೂತ ಹಾಗೆ ಕೂತಿದ್ದಳು.

ದಾರಿಯುದ್ದಕ್ಕೂ ಹೇಗೆ ಹೇಳಬೇಕೆಂದು ಜೋಡಿಸಿಕೊಂಡು ಬಂದಿದ್ದೆ. ಸೋಮವಾರದ ಪೇಪರಿನ ಮಾತೂ ಸಿದ್ಧವಾಗಿತ್ತು. ಆರನೆಯ ಸಾಲು ಮುಗಿದು ತಲೆಯೆತ್ತಿದಾಗ ಅವಳು ಉಸಿರು ಹಿಡಿದು ಕಾಯುತ್ತಿದ್ದಳು. ನನ್ನ ಬಾಯಿ ತಾನಾಗಿಯೇ ಮುಂದಕ್ಕೆ ಹೋಯಿತು. "ಊಟದ ವ್ಯವಸ್ಥೆಯನ್ನು ಶ್ರೀಮತಿ..." ಎಂದು ಓದಿ, ಪೂರ್ತಿ ಹೆಸರು ಹೇಳಿ, "ಅವರು ವಹಿಸಿಕೊಂಡಿದ್ದಾರೆ" ಎಂದು ಮುಗಿಸಿದೆ.

"ಶ್ರೀಮತಿ ಅಂತ ಹಾಕ್ಯಾರ?" ಎಂದಳು ಅತ್ತೆ. ಮಾವ ಹೋದ ಮೇಲೆ ಯಾರೂ ಅವಳ ಹೆಸರಿನ ಮುಂದೆ ಶ್ರೀಮತಿ ಹಚ್ಚಿರಲಿಲ್ಲ.

"ಹಾಕ್ಯಾರೆ ಅತ್ತೆ."

ಅವಳು ಪೇಪರನ್ನು ಕೇಳಿ ತೆಗೆದುಕೊಂಡಳು. ಯಾವುದೆಂದು ನನ್ನಿಂದಲೇ ತೋರಿಸಿಕೊಂಡು, ಕತ್ತರಿಯಿಂದ ಆ ತುಂಡನ್ನು ಕತ್ತರಿಸಿ, ಮಡಚಿ, ದೇವರ ಗೂಡಿನಲ್ಲಿ ವಿಭೂತಿ ಡಬ್ಬಿಯ ಕೆಳಗಿಟ್ಟಳು. ಓಣಿಯಲ್ಲಿ ಯಾರಿಗೂ ಹೇಳಬೇಡ, ದೃಷ್ಟಿಯಾಗುತ್ತದೆ ಎಂದಳು. ನಾನು ಪಾರಾದೆ. ಆದರೆ ಆ ಗೂಡಿನ ಮುಂದೆ ಹಾಯುವಾಗಲೆಲ್ಲ ಮುಖ ತಿರುಗಿಸಿಕೊಳ್ಳುತ್ತಿದ್ದೆ.

ಭಾನುವಾರ ಛತ್ರದ ಮುಂದೆ ಎಂಟು ಗಂಟೆಗೇ ಸಾಲು. ಟ್ರ್ಯಾಕ್ಟರಿನಲ್ಲಿ ಬಂದರು, ಬಸ್ಸಿನಲ್ಲಿ ಬಂದರು, ಕೈ ಹಿಡಿದುಕೊಂಡು ಬಂದರು. ಒಬ್ಬೊಬ್ಬರ ಜೊತೆಗೂ ಒಬ್ಬ ಸೊಸೆ, ಒಬ್ಬ ಮೊಮ್ಮಗಳು. ಮಂಗಳವಾರ ಬಂದಿದ್ದ ಮುದುಕರೂ ಬಂದರು, ಈ ಸಲ ಹೆಂಡತಿಯ ಹೆಗಲ ಮೇಲೆ ಕೈಯಿಟ್ಟುಕೊಂಡು. ಅವರನ್ನು ನೋಡಿ ನನಗೆ ಕುಣಿಯುವಂತಾಯಿತು. ಓಡಿ ಹೋಗಿ ಮೊದಲ ಬೆಂಚಿನಲ್ಲಿ ಕೂರಿಸಿದೆ. ಮೇಷ್ಟ್ರು ಯಾರಿಗೂ ಹೇಳದೆ ಬಂದು, ಛತ್ರದ ಕಂಬಕ್ಕೆ ಒರಗಿ ನಿಂತು, ಸಾಲನ್ನು ನೋಡಿಕೊಂಡು, ಊಟ ಮಾಡದೆ ಹೊರಟುಹೋದರು.

ಮಧ್ಯಾಹ್ನ ಪಂಕ್ತಿಯಲ್ಲಿ ಡಾಕ್ಟರೂ ಕೂತಿದ್ದರು. ಅತ್ತೆ ಹುಳಿ ಬಡಿಸುತ್ತಾ ಬಂದಳು. ಅವರ ಎಲೆಯ ಮೇಲೆ ಬೀಳಬೇಕಾದ ಸೌಟು ಹುಳಿ ನೆಲದ ಮೇಲೆ ಬಿತ್ತು. "ಅಯ್ಯ, ಕೈ ಜಾರ್ತು" ಎಂದಳು. ಡಾಕ್ಟರು ಅವಳ ಮುಖವನ್ನೇ ನೋಡಿದರು. ಕೈ ತೊಳೆದುಕೊಂಡು ಬಂದವರೇ ಅವಳನ್ನು ಬಾಗಿಲ ಬೆಳಕಿಗೆ ಕರೆದುಕೊಂಡು ಹೋಗಿ, ಸಣ್ಣ ಬ್ಯಾಟರಿ ಬಿಟ್ಟು ನೋಡಿ, "ನಿಮಗೂ ಪೊರೆ ಬಂದೈತೆ ಅಮ್ಮ, ಎರಡೂ ಕಣ್ಣಿಗೆ. ಇಷ್ಟು ದಿನ ಹೆಂಗೆ ಅಡಿಗಿ ಮಾಡಿದ್ರಿ?" ಎಂದರು. ದೀಪದ ಬುಡದಲ್ಲೇ ಕತ್ತಲೆ. ಅಷ್ಟು ಜನರ ಕಣ್ಣಿನ ಚಿಂತೆ ಮಾಡಿದವಳ ಕಣ್ಣನ್ನು, ಅವಳ ಮನೆಯಲ್ಲಿ ಉಂಡು ಮಲಗುವ ನಾನೇ ನೋಡಿರಲಿಲ್ಲ. ಅಕ್ಷರ ಸಣ್ಣದಾದದ್ದು ಪೇಪರಿನಲ್ಲಲ್ಲ.

ಸೋಮವಾರದ ವರದಿಯನ್ನು ಬರೆದೆ. ಅತ್ತೆಯ ಹೆಸರು ಮೊದಲ ಸಾಲಿನಲ್ಲೇ ಇತ್ತು, ಹದಿನೇಳೂ ಜನರು ಆಮೇಲೆ. ಅದು ಅಚ್ಚಾಗಲಿಲ್ಲ. ಅದೇ ಹೊತ್ತಿಗೆ ಚುನಾವಣೆ ಬಂದು, ವಾರಗಟ್ಟಲೆ ಪುಟಗಳೆಲ್ಲ ಟಿಕೆಟ್ ಕೇಳುವವರ ಪಾಲಾದವು. ಮೇಷ್ಟ್ರು ಎರಡು ಸಲ ಪುಟಕ್ಕೆ ಹಾಕಿಸಿದರಂತೆ, ಎರಡು ಸಲವೂ ತೆಗೆದರಂತೆ. ಹೇಳುವಾಗ ನನ್ನ ಮುಖ ನೋಡಲಿಲ್ಲ. ಅಧ್ಯಕ್ಷಿಣಿ ನನ್ನನ್ನು ಕರೆಸಿ, ಕಾಫಿ ಕೊಡದೆ, ಅರ್ಧ ಗಂಟೆ ಬೈದರು. ಬೈಸಿಕೊಂಡದ್ದು ದೊಡ್ಡದಾಗಿ ಅನ್ನಿಸಲಿಲ್ಲ. ವಿಭೂತಿ ಡಬ್ಬಿಯ ಕೆಳಗಿನದನ್ನು ಸುಳ್ಳಲ್ಲ ಎನ್ನಿಸಲು ಇದ್ದ ಒಂದೇ ದಾರಿಯೂ ಮುಚ್ಚಿತಲ್ಲ ಎಂಬುದೇ ನನಗೆ ದೊಡ್ಡದಾಗಿತ್ತು.

ಅತ್ತೆಗೆ ದಾವಣಗೆರೆಯಲ್ಲಿ ಮೊದಲು ಒಂದು ಕಣ್ಣಿಗೆ ಆಪರೇಷನ್ ಆಯಿತು. ನನಗೇನೂ ಆಗಿಲ್ಲ ಎಂದು ಜಗಳವಾಡಿಯೇ ಬಂದವಳು. ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಮಂಚದ ಮೇಲೆ ಕೂತು ಪಕ್ಕದವರಿಗೆಲ್ಲ ಹುಳಿಯ ಪುಡಿ ಹುರಿಯುವುದು ಹೇಗೆಂದು ಹೇಳುತ್ತಿದ್ದಳು. ಆಮೇಲೆ ಕರಿ ಕನ್ನಡಕ. ಒಂದೂವರೆ ತಿಂಗಳಿಗೆ ನಂಬರಿನ ಕನ್ನಡಕ ಬಂತು. ಅಷ್ಟರಲ್ಲಿ ನನ್ನ ಪರೀಕ್ಷೆ ಬಂದದ್ದರಿಂದ ನಾನು ಹರಿಹರಕ್ಕೆ ಹೋಗಲಾಗಲಿಲ್ಲ. ಹೋಗಲಾಗಲಿಲ್ಲ ಎನ್ನುವುದೂ ಸುಳ್ಳೇ, ಹೋಗಲು ಹೆದರಿದ್ದೆ.

ಪರೀಕ್ಷೆ ಮುಗಿದ ಭಾನುವಾರ ಹೋದೆ. ಅತ್ತೆ ಮನೆಯ ಮುಂದಿನ ಕಟ್ಟೆಯ ಮೇಲೆ ಕೂತು ಕೈಗೆ ಸಿಕ್ಕಿದ್ದನ್ನೆಲ್ಲ ಓದುತ್ತಿದ್ದಳು. ಸೋಪಿನ ಕಾಗದ, ಊದುಬತ್ತಿಯ ಪೊಟ್ಟಣ, ಕ್ಯಾಲೆಂಡರಿನಲ್ಲಿ ಅಮಾವಾಸ್ಯೆ. "ನೋಡಿಲ್ಲಿ, ಎಷ್ಟು ಸಣ್ಣದಿದ್ರೂ ಕಾಣ್ತೈತೆ" ಎಂದು ಚಿಕ್ಕ ಹುಡುಗಿಯ ಹಾಗೆ ತೋರಿಸಿದಳು. ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡಳು. ಆಮೇಲೆ ಎದ್ದು ಒಳಗೆ ಹೋಗಿ, ದೇವರ ಗೂಡಿನಿಂದ ಆ ತುಂಡನ್ನು ತಂದಳು.

"ನೀ ಬರ್ಲಿ ಅಂತ ಇದನ್ನ ಓದಿದ್ದಿಲ್ಲ" ಎಂದಳು.

ತೊಡೆಯ ಮೇಲೆ ಬಿಡಿಸಿ, ಬೆರಳಿಟ್ಟು, ಬಾಯಿಬಿಟ್ಟು ಓದಲು ಶುರು ಮಾಡಿದಳು. ಒಂದು, ಎರಡು, ಮೂರು. ಕಿವಿಗೆಂದು ಬರೆದ ಸಾಲುಗಳು ಅವಳ ಬಾಯಲ್ಲಿ ಎಲ್ಲಿಯೂ ಎಡವಲಿಲ್ಲ. ಐದನೆಯದಕ್ಕೆ ಬಂದಾಗ, "ಇದು ನಾ ಹೇಳಿದ್ದು" ಎಂದಳು. ಆರನೆಯದು ಮುಗಿಯಿತು. ಬೆರಳು ಕೆಳಗಿನ ಖಾಲಿ ಜಾಗಕ್ಕೆ ಇಳಿಯಿತು. ಕಾಗದ ತಿರುಗಿಸಿದಳು, ಹಿಂದೆ ಯಾವುದೋ ಪಂಪ್‌ಸೆಟ್ಟಿನ ಅರ್ಧ ಚಿತ್ರ. ಮತ್ತೆ ತಿರುಗಿಸಿ, ಮೊದಲಿನಿಂದ ಕೊನೆಯವರೆಗೆ ಸದ್ದಿಲ್ಲದೆ ಬೆರಳಾಡಿಸಿದಳು.

"ಅದನ್ನ ನಾನೇ ಹೊಡೆದೆ ಅತ್ತೆ" ಎಂದೆ. "ಅವತ್ತು ನಿನ್ನ ಮುಖ ನೋಡಿ ಸುಳ್ಳು ಓದಿದೆ."

ಅವಳು ಓಣಿಯನ್ನು ನೋಡಿದಳು. ಎದುರು ಮನೆಯ ಬಾಗಿಲಿನ ರಂಗೋಲಿಯನ್ನು, ಅದರಾಚೆ ಹೊಳೆಯ ಕಡೆ ಇಳಿಯುವ ದಾರಿಯನ್ನು. ಈಗ ಅವೆಲ್ಲ ಅವಳಿಗೆ ಕಾಣುತ್ತಿದ್ದವು. ಬೈದರೆ ಬೈಯಲಿ, ಹೊಡೆದರೆ ಹೊಡೆಯಲಿ ಎಂದು ತಲೆ ತಗ್ಗಿಸಿ ಕೂತೆ. ಅವಳು ಮೆಲ್ಲಗೆ ಕನ್ನಡಕ ತೆಗೆದು, ಮಡಚಿ, ಮಡಿಲಲ್ಲಿಟ್ಟುಕೊಂಡಳು. ಪೇಪರಿನ ತುಂಡನ್ನು ನನ್ನ ಕೈಗೆ ಕೊಟ್ಟು, ಗೋಡೆಗೆ ಒರಗಿದಳು.

"ಓದು. ಅವತ್ತು ಹೆಂಗೆ ಓದಿದ್ಯೋ ಹಂಗೇ ಓದು."

ನಾನು ಮೊದಲಿನಿಂದ ಓದಿದೆ. ಆರು ಸಾಲು ಕಾಗದ ನೋಡಿ, ಏಳನೆಯದು ಅತ್ತೆಯ ಮುಖ ನೋಡಿ.